ಮೊಳೆಗಾಲಿನ ದೆವ್ವ

ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಯಾವ ಊರಿಗೆ ಹೋದರೂ ದೆವ್ವಗಳು ಹುಟ್ಟುತ್ತಲೇ ಇರುತ್ತವೆ. ಅದಕ್ಕೆ ಸ್ಮಶಾನ ಬೇಕಿಲ್ಲ, ಅಮಾವಾಸ್ಯೆ ಬೇಕಿಲ್ಲ. ದೊಡ್ಡ ಮನೆಯ ಒಬ್ಬರಿಗೆ ನಿಜ ಹೇಳಲು ಕಷ್ಟವಾದರೆ ಸಾಕು, ಒಂದು ದೆವ್ವ ಎದ್ದು ನಿಲ್ಲುತ್ತದೆ. ನಾನು ಸೈಕಲ್ ಅಂಗಡಿ ಇಟ್ಟವನು. ಶಾಲೆ ಕಲಿತದ್ದು ಕಡಿಮೆ, ಉಳಿದದ್ದನ್ನು ಪಂಕ್ಚರ್ ಹಾಕುತ್ತ ಹಳೆಯ ಪತ್ರಿಕೆಗಳಲ್ಲಿ ಓದಿಕೊಂಡೆ. ತಗಡಿನ ತುತ್ತೂರಿ ಹಿಡಿದು ಬೀದಿಯಲ್ಲಿ ನಿಂತು ನ್ಯಾಯ ಕೇಳುವುದು ನನ್ನ ಇನ್ನೊಂದು ಕೆಲಸ. ಎಂಬತ್ತರ ಆಚೀಚೆ ನಮ್ಮೂರಲ್ಲಿ ಹುಟ್ಟಿದ ಒಂದು ದೆವ್ವದ ಬಗ್ಗೆ ನನಗೆ ಬುಡದಿಂದ ಗೊತ್ತು. ಅದರ ಕಾಲು ಮಾಡಿಸಿಕೊಟ್ಟವನೇ ನಾನು.

ಕೆರೆ ಏರಿಯ ಸದ್ದು

ನನ್ನ ಅಕ್ಕನ ಮಗಳು ಬಸ್ಸಿನಲ್ಲಿ ಕೊಟ್ಟೂರಿನ ಕಾಲೇಜಿಗೆ ಹೋಗುತ್ತಿದ್ದಳು. ಅಡ್ಡ ಇಟ್ಟ ಕಟ್ಟಿಗೆಗಳನ್ನು ಹಾರುತ್ತ ಓಡುವ ಹರ್ಡಲ್ಸ್ ಆಕೆಯ ಆಟ. ಬಳ್ಳಾರಿಯ ಪಂದ್ಯದಲ್ಲಿ ಬೇರೆ ಹುಡುಗಿಯರ ಬೂಟಿನ ಅಡಿಗೆ ಮೊಳೆ ಇದ್ದದ್ದು ನೋಡಿ ಬಂದು, ನನಗೂ ಬೇಕು ಎಂದಳು. ನಾನು ಕ್ಯಾನ್ವಾಸ್ ಬೂಟು ತಂದೆ. ನಮ್ಮ ಓಣಿಯ ಚಪ್ಪಲಿ ಹೊಲಿಯುವ ಅಜ್ಜ ಅದಕ್ಕೆ ತೊಗಲಿನ ಅಟ್ಟೆ ಕೂಡಿಸಿ, ಮೊನೆ ಕೆಳಗೆ ಬರುವಂತೆ ಗಿಡ್ಡ ಮೊಳೆ ಬಡಿದುಕೊಟ್ಟ. ಕಲ್ಲಿನ ಮೇಲೆ ಆ ಬೂಟು ನಡೆದರೆ ಯಾರೋ ಕತ್ತಲಲ್ಲಿ ಹಲ್ಲು ಕಡಿದ ಹಾಗೆ ಕೇಳಿಸುತ್ತಿತ್ತು.

ಹಗಲು ಓಡಿದರೆ ಹುಡುಗರು ಸೀಟಿ ಹೊಡೆಯುತ್ತಿದ್ದರು, ಹಿರಿಯರು ಬೈಯುತ್ತಿದ್ದರು. ಹಾಗಾಗಿ ಆಕೆ ಬೆಳಕು ಹರಿಯುವ ಮೊದಲು, ಇಲ್ಲವೇ ಮುಸ್ಸಂಜೆ ಹೊತ್ತಿಗೆ, ಕೆರೆ ಏರಿಯ ಮೇಲೆ ಓಡುತ್ತಿದ್ದಳು. ಒಂದು ಬೆಳಿಗ್ಗೆ ಕುರಿ ಕಾಯುವ ಮುದುಕನೊಬ್ಬ ನಡುಗುತ್ತ ನನ್ನ ಅಂಗಡಿಗೆ ಬಂದ.

"ಹೆಣ್ಣು ದೆವ್ವಪಾ. ಬಿಳೀ ಚಡ್ಡಿ ಹಾಕ್ಕೊಂಡಿತ್ತು. ಮಂಜಿನಾಗಿಂದ ಬಂತು, ಮಂಜಿನಾಗ ಹೋತು. ನನ್ನ ಕುರಿ ಎಲ್ಲಾ ಕಲ್ಲಾಗಿ ನಿಂತ್ವು."

"ನಿನಗೇನು ಮಾಡ್ತು ಅಜ್ಜಾ?"

"'ಅಜ್ಜಾ, ಕುರಿ ಸರಸು' ಅಂತು."

"ದೆವ್ವ ಹಂಗಂತೈತೇನು?"

"ಮತ್ತೇನು, ನಮ್ಮೂರಾಗ ಯಾವ ಹೆಣ್ಣುಮಗಳು ಗಂಡಸಿಗೆ ದಾರಿ ಬಿಡು ಅಂತಾಳ? ಖರೇವಂದ್ರೂ ದೆವ್ವನ ಅದು."

ಇಲ್ಲದ ಸೀಮೆಎಣ್ಣೆ

ನಮ್ಮ ಓಣಿ ಮುಗಿಯುವಲ್ಲಿ ಒಂದು ಗೋಡೆ. ಗೋಡೆಯ ಆಚೆ ನ್ಯಾಯಬೆಲೆ ಅಂಗಡಿಯ ಸಾವ್ಕಾರರ ಹಿತ್ತಲು. ಆ ಮನೆಯವರು ಊರಿಗೆಲ್ಲ ಸೀಮೆಎಣ್ಣೆ ಇಲ್ಲ ಎಂದು ಹೇಳಿ ಹೇಳಿ ದಪ್ಪಗಾದವರು. ನನ್ನ ಭಾವ, ಹುಡುಗಿಯ ಅಪ್ಪ, ಅವರಲ್ಲೇ ಮೂಟೆ ಹೊರುತ್ತಿದ್ದ. ತಂಬ್ರಹಳ್ಳಿಯ ಬಡವರ ಮನೆಯಿಂದ ಬಂದ ಒಬ್ಬ ಸೊಸೆ ಅಲ್ಲಿದ್ದಳು. ಒಪ್ಪಿದ ಬಂಗಾರ ತರಲಿಲ್ಲ ಎಂದು ಅತ್ತೆ ಬೈಯುವುದು ನಮ್ಮ ಓಣಿಗೆ ದಿನಾ ಕೇಳಿಸುತ್ತಿತ್ತು.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಹುಡುಗಿ ಓಡಿ ಮುಗಿಸಿ ಬರುತ್ತಿದ್ದಳು. ಗೋಡೆಯಾಚೆ ದಬ್ ದಬ್ ಸದ್ದು. ಚೀರಾಟ ಇಲ್ಲ. ಯಾರೋ ಅವಸರವಿಲ್ಲದೆ ಬಾಗಿಲು ಬಡಿಯುತ್ತಿದ್ದ ಹಾಗೆ, ಬರಬರುತ್ತ ಸಣ್ಣಗಾಗುವ ಸದ್ದು. ಆಮೇಲೆ ಹೊಗೆ. ಆಕೆ ಗೋಡೆ ಹಾರಿದಳು. ಅಡಿಗೆಮನೆಯ ಹಿತ್ತಲ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ತೆಗೆದರೆ ಒಳಗೆ ಸ್ಟವ್ವಿನ ಉರಿ ತೊಲೆ ಮುಟ್ಟಿತ್ತು, ಸೊಸೆ ಬಾಗಿಲಿಗೇ ಆತುಕೊಂಡು ಕುಸಿದಿದ್ದಳು. ಆಕೆಯನ್ನು ಹೊರಗೆ ಎಳೆದು ಹಾಕಿ, ಬಚ್ಚಲ ನೀರಲ್ಲಿ ಗೋಣಿಚೀಲ ಅದ್ದಿ ಸ್ಟವ್ವಿನ ಮೇಲೆ ಒಗೆದು, ಸುತ್ತಲಿನ ಕಿಡಿಗಳನ್ನೆಲ್ಲ ಬೂಟುಗಾಲಲ್ಲಿ ತುಳಿದಳು. ಮುಂಗೈ ಸುಟ್ಟಿತು.

"ಹೋಗವ್ವ ತಂಗಿ," ಎಂದಳಂತೆ ಸೊಸೆ, ಸುಟ್ಟ ಸೆರಗು ಹಿಡಿದುಕೊಂಡು. "ನೀ ಅಡಿಗಿಮನಿ ಹೊಕ್ಕಿದ್ದು ಗೊತ್ತಾದ್ರ ನಿಮ್ಮಪ್ಪನ್ನೂ ಬಿಡಂಗಿಲ್ಲ."

ಒಳಗಿನಿಂದ ಹೆಜ್ಜೆ ಸದ್ದು ಬಂತು. ಹುಡುಗಿ ಮತ್ತೆ ಗೋಡೆ ಹಾರಿ, ಅಂಗಡಿಯಲ್ಲಿ ನನ್ನ ಪಂಕ್ಚರ್ ನೋಡುವ ನೀರಿನ ಬುಟ್ಟಿಯಲ್ಲಿ ಕೈ ಮುಳುಗಿಸಿ ಕೂತು ಇದನ್ನೆಲ್ಲ ಹೇಳಿದಳು.

ನಾನು ಸಾವ್ಕಾರರ ಬಾಗಿಲಿಗೆ ಓಡಿದೆ. ಜನ ಸೇರಿದ್ದರು. ಸಾವ್ಕಾರರು ಹೇಳುತ್ತಿದ್ದರು: "ಸ್ಟವ್ ಸಿಡೀತು ನೋಡ್ರಿ. ತುಂಬ ಎಣ್ಣಿ ಇತ್ತು ಅದರಾಗ."

ಖಾಲಿ ಡಬ್ಬಿ ಹಿಡಿದು ಬೆಳಗಿನಿಂದ ಅಲ್ಲೇ ಕೂತಿದ್ದ ಒಬ್ಬ ಹೆಂಗಸು ಎದ್ದು ನಿಂತಳು. "ಹೌದಾ ಸಾವ್ಕಾರ್ರ? ಹಂಗಾರ ಎಣ್ಣಿ ಬಂದೈತೇನ್ರಿ?"

ಯಾರು ತೆಗೆದರು

ಮರುದಿನ ಬೆಳಿಗ್ಗೆ ಆ ಮನೆಯಲ್ಲಿ ಕೂಗೆದ್ದಿತು. ಅಡಿಗೆಮನೆಯ ಸಗಣಿ ಸಾರಿಸಿದ ನೆಲದ ತುಂಬ ತೂತುಗಳು. ಒಂದೊಂದು ಗುಂಪು ಒಂದೊಂದು ಪಾದದಷ್ಟು. ಹಿಮ್ಮಡಿ ಇಲ್ಲ, ಬೆರಳಿಲ್ಲ. ಅವು ಬಾಗಿಲು ದಾಟಿ, ಹಿತ್ತಲ ಹಸಿ ಮಣ್ಣಲ್ಲಿ ನಡೆದು, ಗೋಡೆಯ ಬುಡಕ್ಕೆ ಬಂದು ನಿಂತುಬಿಟ್ಟಿದ್ದವು. ನಮ್ಮ ಓಣಿಯವರೆಲ್ಲ ಗೋಡೆಯ ಮೇಲಿಂದ ಇಣುಕಿದೆವು. ಆ ಮೊಳೆ ತಂದುಕೊಟ್ಟವನೇ ನಾನು. ಆದರೂ ನೋಡಿದಾಗ ಮೈ ಜುಮ್ಮೆಂದಿತು.

ಅತ್ತೆ ಹಿತ್ತಲಲ್ಲಿ ಎದೆ ಹಿಡಿದು ನಿಂತಿದ್ದಳು. ನಾನು ಗೋಡೆಯ ಮೇಲಿಂದಲೇ ಕೇಳಿದೆ: "ಅಮ್ಮಾರ, ಈ ಬಾಗಿಲಿಗೆ ಹೊರಗ ಚಿಲಕ ಹಾಕಿತ್ತಂತಲ್ಲ, ಯಾರು ಹಾಕಿದ್ರಿ?"

"ಸೊಸಿ ಒಳಗಿದ್ದಾಗ ಹೊರಗ ಯಾರು ಹಾಕ್ತಾರಪಾ? ಹಾಕಿದ್ದಿಲ್ಲ."

"ಮತ್ತ ದೆವ್ವ ಬಂದು ಏನು ಮಾಡ್ತು?"

"ಚಿಲಕ ತಗೀತು."

ಅತ್ತೆ ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡು ಒಳಗೆ ಹೋದಳು.

ದೆವ್ವದ ಷರತ್ತು

ನಾನು ತುತ್ತೂರಿ ಎತ್ತಿಕೊಂಡೆ. ಕೊಲೆಯ ಹುನ್ನಾರಕ್ಕೆ ದೆವ್ವದ ಹೆಸರಿಡುವ ಊರನ್ನು ಉಗಿಯದೆ ನೀರು ಕುಡಿಯಬಾರದೆಂದು ಹೊರಟೆ. ಹುಡುಗಿ ಬಟ್ಟೆ ಸುತ್ತಿದ ಕೈ ಅಡ್ಡ ಹಿಡಿದಳು.

"ಕೂಗಬ್ಯಾಡ ಮಾಮಾ. ನೀ ಕೂಗಿ ನಿನ್ನ ಮನಿಗೆ ಬರ್ತಿ. ಆಕಿ ಅದ ಮನ್ಯಾಗ ಇರ್ಬೇಕು. ತವರಮನ್ಯಾರು ಕರಕೊಳ್ಳಂಗಿಲ್ಲ ಅಂದಾರಂತ. ಗೋಡಿ ಹತ್ರ ಬಂದು ಆಕಿನ ಹೇಳ್ಯಾಳ, ದೆವ್ವನ ಇರ್ಲಿ ಅಂತ."

ತುತ್ತೂರಿ ಕೆಳಗಿಟ್ಟೆ.

ಸಾವ್ಕಾರರು ಹರಪನಹಳ್ಳಿ ಕಡೆಯಿಂದ ಮಂತ್ರವಾದಿಯನ್ನು ಕರೆಸಿದರು. ಸೊಸೆಯ ಕೂದಲು ಬಿಚ್ಚಿ, ಬೇವಿನ ಹೊಗೆ ಹಾಕಿ, ಬಂದವಳು ಯಾರೆಂದು ಕೇಳಿದ. ಆಕೆ ಗಂಟಲಿನ ತಳದಿಂದ, ತನ್ನದಲ್ಲದ ಧ್ವನಿಯಲ್ಲಿ ಹೇಳಿದಳಂತೆ: "ಈ ಅಡಿಗಿಮನಿಗೆ ಚಿಲಕ ಇರಬಾರದು. ಇದ್ರ ಮತ್ತ ಬರ್ತೀನಿ. ಈ ಸಲ ಹಿತ್ತಲ ಕಡಿಯಿಂದ ಅಲ್ಲ." ಮಂತ್ರವಾದಿ ತೆಂಗಿನಕಾಯಿಯನ್ನೂ ಬಿಟ್ಟು ಹೋದ.

ಬಡಿಗೇರರು ಯಾರೂ ಆ ಮನೆಯೊಳಗೆ ಕಾಲಿಡಲು ಒಪ್ಪಲಿಲ್ಲ. ಕೊನೆಗೆ ಸಾವ್ಕಾರರ ಮಗ, ಆ ಸೊಸೆಯ ಗಂಡ, ನನ್ನ ಅಂಗಡಿಗೆ ಬಂದ. "ಇಕ್ಕಳ ತಗೊಂಡು ನೀನ ಬಾರಪಾ. ಚಿಲಕ ಕೀಳಬೇಕು."

"ನಾನು? ನಿಮ್ಮ ಅಡಿಗಿಮನಿಗೆ?"

"ದೆವ್ವನ ಬಂದು ಹೋಗೈತಿ. ಇನ್ನ ನೀ ಬಂದ್ರ ಏನು ಮೈಲಿಗಿ ಆಕ್ಕೈತಿ?"

ನಾನು ಊರಲ್ಲಿ ಎಷ್ಟೋ ಕೂಗಿದ್ದೇನೆ. ನನ್ನ ಕೂಗಿಗೆ ತೆರೆಯದ ಆ ಬಾಗಿಲನ್ನು ಹನ್ನೆರಡಾಣೆ ಮೊಳೆ ತೆರೆಯಿತು. ಹಿತ್ತಲ ಕಡೆಯ, ನಡುಮನೆ ಕಡೆಯ ಎರಡೂ ಬಾಗಿಲಿನ ಚಿಲಕ ಕಿತ್ತೆ. ಹೊರಡುವಾಗ ಸೊಸೆ ನೀರಿನ ಹಂಡೆಯ ಮರೆಯಿಂದ ಮೆಲ್ಲಗೆ ಹೇಳಿದಳು: "ಅಣ್ಣಾ, ಚಿಲಕ ಒಯ್ಯಿ. ಮೊಳಿ ಇಲ್ಲೆ ಬಿಟ್ಟು ಹೋಗು."

ಕ್ಯಾಲೆಂಡರ್ ಹಾಕುವುದಕ್ಕಿರಬೇಕೆಂದು ಬಿಟ್ಟು ಬಂದೆ.

ಧಾರವಾಡಕ್ಕೆ ಹೋದ ಬೂಟು

ಕೈ ವಾಸಿಯಾದ ಮೇಲೆ ಹುಡುಗಿ ಪಂದ್ಯಕ್ಕೆಂದು ಧಾರವಾಡಕ್ಕೆ ಹೋದಳು. ಬಸ್ಸು ಹತ್ತಿಸಿದವನು ನಾನೇ, ಬೂಟು ಚೀಲಕ್ಕೆ ಹಾಕಿಕೊಟ್ಟವನೂ ನಾನೇ. ಮರುದಿನ ಮುಂಜಾನೆ ಸಾವ್ಕಾರರ ಮಗ ಬರಿಗಾಲಲ್ಲಿ ಓಡಿಬಂದ.

"ಮತ್ತ ಬಂದೈತಿ."

ಹೋಗಿ ನೋಡಿದೆ. ಹಿಂದಿನ ಸಂಜೆ ಹೊಸದಾಗಿ ಸಾರಿಸಿದ ನೆಲ. ತೂತುಗಳು ಒಲೆಯ ಮುಂದಿನಿಂದ ಎದ್ದು, ಹೊಸ್ತಿಲು ದಾಟಿ, ನಡುಮನೆಯಲ್ಲಿ ನೆಟ್ಟಗೆ ನಡೆದು, ಅತ್ತೆಯ ಮಂಚದ ಪಕ್ಕಕ್ಕೆ ಬಂದು ನಿಂತಿದ್ದವು. ವಾಪಸು ಹೋದ ಗುರುತಿಲ್ಲ. ದೆವ್ವ ಯಾರೆಂದು ಬಲ್ಲವನು ನಾನು. ಆ ದೆವ್ವ ಊರಲ್ಲೇ ಇರಲಿಲ್ಲ.

ಅತ್ತೆ ಮಂಚದ ಮೇಲೆ ಕಾಲು ಮುದುರಿಕೊಂಡು ಕೂತಿದ್ದಳು. "ಸರಿಯಾಗಿ ನೋಡಪಾ. ಎರಡೂ ಎಡಗಾಲು. ಮನುಷ್ಯಾರಂತೂ ಅಲ್ಲ."

ಬಗ್ಗಿ ನೋಡಿದೆ. ಹೌದು, ಎಡಗಾಲು, ಎಡಗಾಲು, ಮತ್ತೆ ಎಡಗಾಲು.

"ಅವ್ವಾ," ಎಂದು ಅತ್ತೆ ಅಡಿಗೆಮನೆಯ ಕಡೆ ಕರೆದಳು. ಆ ಮನೆಯಲ್ಲಿ ಸೊಸೆಯನ್ನು ಯಾರೂ ಹಾಗೆ ಕರೆದದ್ದು ನಾನು ಕೇಳಿರಲಿಲ್ಲ. "ನಿನಗ ತ್ರಾಸ ಇಲ್ಲಂದ್ರ ಇವಗ ನೀರು ಕೊಡವ್ವ."

ಸೊಸೆ ತಲೆ ತುಂಬ ಹಡಗಲಿ ಮಲ್ಲಿಗೆ ಮುಡಿದು ಬಂದಳು. ನಾನು ರೂಢಿಯಂತೆ ಬೊಗಸೆ ಒಡ್ಡಿದೆ. ಆಕೆ ಮೇಲಿನಿಂದ ಸುರಿಯದೆ ಚೊಂಬನ್ನೇ ಕೈಗಿಟ್ಟು, ಬಗ್ಗಿದಾಗ ಉಸಿರಲ್ಲೇ ಕೇಳಿದಳು:

"ಬಲಗಾಲಿಂದು ಮೊಳಿ ಹೆಂಗ ಇರ್ತಾವ ಅಣ್ಣಾ? ನಿಮ್ಮ ಹುಡುಗಿ ಬಂದ ಮ್ಯಾಲೆ ಕೇಳಿ ಹೇಳು."

ನಾನು ಬಿಟ್ಟುಬಂದ ಚಿಲಕದ ಮೊಳೆ ಕ್ಯಾಲೆಂಡರಿಗಲ್ಲವೆಂದು ಹೊಳೆದು ನೀರು ನೆತ್ತಿಗೇರಿತು. ಕೆಮ್ಮುತ್ತ ಹೊರಗೆ ಓಡಿದೆ. ಸೈಕಲ್ ಅಂಗಡಿಯವನಿಗೂ ದೆವ್ವ ಬಡಿಯಿತೆಂದು ಊರು ಹೇಳಿತು.

ಹುಡುಗಿ ಗೆದ್ದ ಬಟ್ಟಲು ಹಿಡಿದು ಬಂದಾಗ ಕೇಳಿದೆ. ಆಕೆ ಬೂಟು ಒರೆಸುತ್ತಲೇ ಹೇಳಿದಳು:

"ಬಲಗಾಲು ಬ್ಯಾಡ ಅನ್ನು ಮಾಮಾ. ಓಡಾಕ ಎರಡು ಬೇಕು. ಆಕಿ ದೆವ್ವ ಮನ್ಯಾಗ ನಿಲ್ಲಾಕ ಬಂದೈತಿ, ಒಂದ ಸಾಕು."