ಅಮೆರಿಕದ ಓಟಿಗೆ ಕರಾಮದ ಮೀಸೆ

ಚುನಾವಣೆ ಎಂದರೆ ನನಗೆ ಅಂಗೈ ಮೇಲಿನ ನೆಲ್ಲಿಕಾಯಿ. ಊರಿನ ಯಾವುದೇ ಕ್ಷೇತ್ರವಿರಲಿ, ಗೆಲ್ಲುವವರು ಯಾರೆಂದು ಗಲ್ಫಿನಲ್ಲಿ ನಾವಿರುವ ಕರಾಮ ಬಡಾವಣೆಯ ಹೋಟೆಲಿನಲ್ಲಿ ಕಾಫಿ ಆರುವುದರೊಳಗೆ ಹೇಳಿಬಿಡುತ್ತೇನೆ. ನಿಜವಾದರೆ ಎಲ್ಲರಿಗೂ ನೆನಪಿಸುತ್ತೇನೆ. ಸುಳ್ಳಾದರೆ ತಪ್ಪನ್ನು ಮಳೆಯ ಮೇಲೆ ಹಾಕುತ್ತೇನೆ.

ಈ ಹುಮ್ಮಸ್ಸಿನಲ್ಲೇ ಅಮೆರಿಕಕ್ಕೂ ಕೈ ಹಾಕಿದೆ. ನನ್ನ ಹೆಂಡತಿ ಸುನಂದಾಳ ತಮ್ಮ ಸುಧಿ ಅಲ್ಲಿದ್ದಾನೆ. ಅವನಿರುವ ಕ್ಷೇತ್ರದಲ್ಲಿ ಅವರ ಸಂಸತ್ತಿಗೆ ಚುನಾವಣೆ. ಆನೆ ಗುರುತಿನವರಿಗೂ ಕತ್ತೆ ಗುರುತಿನವರಿಗೂ ಭಾರೀ ಪೈಪೋಟಿಯಂತೆ.

"ಆನೇನೇ ಗೆಲ್ಲೋದು," ಎಂದು ಎದುರು ಫ್ಲ್ಯಾಟಿನ ಪಿಂಟೊ ಅವರ ಮುಂದೆ ಘೋಷಿಸಿದೆ.

"ಹಾಗಾದ್ರೆ ನನ್ನದು ಕತ್ತೆ," ಎಂದರು ಮಂಗಳೂರಿನ ಪಿಂಟೊ.

"ಏನು ಲೆಕ್ಕಾಚಾರ?"

"ಎಂತ ಲೆಕ್ಕವೂ ಇಲ್ಲ ಮಾರಾಯ್ರೆ. ನೀವು ಆನೆ ಹೇಳಿದ್ರಲ್ಲ, ಅದಕ್ಕೆ."

ಮೈ ಉರಿಯಿತು. ಈ ದೇಶದಲ್ಲಿ ದುಡ್ಡಿನ ಬಾಜಿ ಕಟ್ಟುವಂತಿಲ್ಲ. ಮೀಸೆಗೆ ಅಂಥ ಅಡ್ಡಿಯಿಲ್ಲ. ಕಾಲೇಜಿನ ಕಾಲದಿಂದ ಎಣ್ಣೆ ಹಚ್ಚಿ ಸಾಕಿದ ಮೀಸೆಯನ್ನೇ ಪಣಕ್ಕಿಟ್ಟೆ. ಪಿಂಟೊ ಅವರಿಗೆ ಮೀಸೆಯೇ ಇಲ್ಲವೆಂಬುದು ಹೊಳೆದದ್ದು ಕೈಕುಲುಕಿದ ಮೇಲೆ!

ಮೀಸೆಯ ಪ್ರಶ್ನೆಯಾದ್ದರಿಂದ ವೈಜ್ಞಾನಿಕ ಸಮೀಕ್ಷೆಗೇ ಇಳಿದೆ. ಸುಧಿಯಿಂದ ಅಲ್ಲಿನ ಕನ್ನಡ ಕೂಟದವರ ನಂಬರು ತರಿಸಿಕೊಂಡು ಒಬ್ಬೊಬ್ಬರಿಗೂ ಫೋನು ಹಚ್ಚಿದೆ. ಯಾವ ಊರು, ಯಾರ ಪೈಕಿ, ಹೆಣ್ಣು ತಂದದ್ದು ಎಲ್ಲಿಂದ ಎಂದೆಲ್ಲ ವಿಚಾರಿಸಿ ಆಮೇಲೆ ಚುನಾವಣೆಗೆ ಬರುತ್ತಿದ್ದೆ. ಹಾಸನದವರು ಆನೆ ಎಂದರು. ತುಮಕೂರಿನವರೂ ಆನೆ. ದಾವಣಗೆರೆಯವರು ಮೊದಲು ಬೆಣ್ಣೆ ದೋಸೆಯ ಗುಣಗಾನ ಮುಗಿಸಿ, ಆಮೇಲೆ ಆನೆ ಎಂದರು. ನಾನು ಮೀಸೆ ತಿರುವಿದೆ.

ಕತ್ತೆ ಗೆದ್ದಿತು. ಅದೂ ಸಲೀಸಾಗಿ.

"ಇಡೀ ಕೂಟ ಆನೆ ಅಂದಿತ್ತಲ್ಲೋ," ಎಂದು ಫೋನಿನಲ್ಲಿ ಸುಧಿಯ ಮೇಲೆ ಹರಿಹಾಯ್ದೆ.

"ಹೌದು ಭಾವ. ಆದ್ರೆ ನಮಗೆಲ್ಲಿ ಓಟಿದೆ? ನಾವೆಲ್ಲ ವೀಸಾ ಮೇಲಿರೋರು."

"ಮೊದ್ಲೇ ಹೇಳೋಕೇನಾಗಿತ್ತು?"

"ನೀವು ಕೇಳ್ಲಿಲ್ಲ. ಯಾರ ಪೈಕಿ ಅಂತ ಮಾತ್ರ ಕೇಳಿದ್ರಿ."

ಚಪಾತಿ ಲಟ್ಟಿಸುತ್ತಿದ್ದ ಸುನಂದಾ ತಲೆಯೆತ್ತದೆ ಹೇಳಿದಳು: "ಇಲ್ಲಿ ವೀಸಾ ಮೇಲಿರೋರು, ಅಲ್ಲಿ ವೀಸಾ ಮೇಲಿರೋರನ್ನ ಕೇಳಿ, ಅಮೆರಿಕದೋರ ಹಣೆಬರಹ ಬರೆದ್ರಿ."

ಪಿಂಟೊ ತಮ್ಮ ಟ್ರಿಮ್ಮರ್ ಹಿಡಿದೇ ಬಂದರು. "ಯಲ್ಲಾ, ಬೇಗ ಬೇಗ ಕುಳಿತುಕೊಳ್ಳಿ," ಎಂದರು. ಎರಡೇ ನಿಮಿಷ, ಖಲಾಸ್. ಕನ್ನಡಿಯಲ್ಲಿ ನೋಡಿದರೆ ನನ್ನ ಸೋದರತ್ತೆ ಕಂಡರು. ನನಗೆ ನಿಜಕ್ಕೂ ದುಃಖವಾಯಿತು. ಸುನಂದಾ ಮಾತ್ರ ಹತ್ತಿರ ಬಂದು, ಗಲ್ಲ ಹಿಡಿದು ಅತ್ತಿತ್ತ ತಿರುಗಿಸಿ, "ಚೆನ್ನಾಗೇ ಕಾಣ್ತೀರಿ, ಇದನ್ನ ಎಂದೋ ಮಾಡ್ಬೇಕಿತ್ತು," ಎಂದಳು. ದುಃಖ ಅರ್ಧಕ್ಕಿಳಿಯಿತು. ಪಿಂಟೊ ಮನೆಯಿಂದ ಮೀನು ಸಾರೂ ಬಂತು.

ವಾರ ಕಳೆದು ಸುಧಿ ವೀಡಿಯೊ ಕಾಲ್ ಮಾಡಿದ. ನನ್ನ ಮುಖವನ್ನೇ ಬಹಳ ಹೊತ್ತು ನೋಡಿದ.

"ಭಾವ, ಏನೋ ಬದಲಾಗಿದೆ. ಹೊಸ ಕನ್ನಡಕನಾ?"

"ಹೌದಪ್ಪ," ಎಂದೆ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಹೇಳಿಕೊಳ್ಳೋಣವೆಂದರೆ, ಈ ಜಟ್ಟಿಗೆ ಮೀಸೆಯೇ ಇಲ್ಲ.