ಗುರುವಾಯನಕೆರೆಯಲ್ಲಿ ಯಾರಿಗೂ ತೊಂದರೆ ಇಲ್ಲ

ಶಿಸ್ತು ಇರುವಲ್ಲಿ ನಗೆಗೆ ಅವಕಾಶವಿಲ್ಲವೆಂದು ಸೈನ್ಯದಲ್ಲಿದ್ದಷ್ಟು ಕಾಲ ನಂಬಿದ್ದೆ. ಮಾಜಿ ಸೈನಿಕರಿಗಾಗಿ ಸಹಾಯ ಕೇಂದ್ರವೊಂದನ್ನು ತೆರೆದ ಮೇಲೆ ಆ ನಂಬಿಕೆ ತಿಂಗಳಿಗೊಮ್ಮೆ ತಪ್ಪದೆ ಸುಳ್ಳಾಗುತ್ತಿದೆ.

ಕೇಂದ್ರದ ವಿವರ ಹೀಗೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮಾಜಿ ಸೈನಿಕರು ಪಿಂಚಣಿ, ಚಿಕಿತ್ಸೆಯ ಕಾರ್ಡು ಮೊದಲಾದ ಪ್ರತಿಯೊಂದಕ್ಕೂ ಮಂಗಳೂರಿಗೆ ಹೋಗಬೇಕಿತ್ತು. ಮೂರೂ ಕಡೆಯ ಬಸ್ಸು ಸಿಗುವ ಊರು ಗುರುವಾಯನಕೆರೆ. ಅಲ್ಲಿ ಒಂದು ಕೋಣೆ ಹಿಡಿದೆವು. ನೆಲ ಅಂತಸ್ತು, ನಮ್ಮೆಲ್ಲರ ಮೊಣಕಾಲುಗಳನ್ನು ಗಮನದಲ್ಲಿಟ್ಟು. ತಿಂಗಳ ಮೊದಲ ಶನಿವಾರ, ಹತ್ತು ಗಂಟೆಗೆ. ಜಿಲ್ಲೆಯ ಸೈನಿಕ ಕಲ್ಯಾಣ ಅಧಿಕಾರಿ ಮೂರು ತಿಂಗಳ ಅವಧಿಗೆ ಒಪ್ಪಿದರು. ಮೂರನೆಯ ತಿಂಗಳು ತಾವೇ ಬಂದು ನೋಡುವುದು. ಅಗತ್ಯ ಕಂಡರೆ ಮುಂದುವರಿಸುವುದು, ಇಲ್ಲವಾದರೆ ಮುಚ್ಚುವುದು.

ಮುಚ್ಚಬಾರದೆಂದು ಎಲ್ಲರಿಗಿಂತ ಹೆಚ್ಚು ಬಯಸಿದವರು ಶಿರ್ತಾಡಿಯ ಒಬ್ಬ ವೃದ್ಧೆ. ದಿವಂಗತ ಹವಾಲ್ದಾರರೊಬ್ಬರ ಪತ್ನಿ. ಚಿಕಿತ್ಸೆಯ ಕಾರ್ಡಿಗಾಗಿ ಮೂರು ಬಾರಿ ಮಂಗಳೂರಿಗೆ ಹೋಗಿದ್ದರು. ಮೂರು ಬಾರಿಯೂ ಯಾವುದೋ ಒಂದು ಕಾಗದ ಕಡಿಮೆ.

“ನಿಮ್ಮಲ್ಲಿಗಾದರೆ ಹೇಗಾದರೂ ರಿಕ್ಷಾದಲ್ಲಿ ಬರ್ತೇನೆ ಸುಬೇದಾರರೇ,” ಎಂದಿದ್ದರು. “ಮಂಗಳೂರು ಇನ್ನು ನನ್ನಿಂದ ಆಗ್ಲಿಕ್ಕಿಲ್ಲ. ಇಲ್ಲಿ ಸಿಕ್ಕಿದರೆ ಕಾರ್ಡು, ಇಲ್ಲದಿದ್ದರೆ ಇಲ್ಲ.”

೧. ಹತ್ತು ಗಂಟೆ

ಹತ್ತು ಗಂಟೆ ಎಂದರೆ ಹತ್ತು ಗಂಟೆ. ಮೂರು ಕಡೆಯ ಮೂವರು ಹಿರಿಯರಿಗೆ ಹಾಗೆಯೇ ತಿಳಿಸಿದೆ. ಆದರೆ ಮೇಲಿನವನು ಹೇಳಿದ್ದಕ್ಕಿಂತ ಕಾಲು ಗಂಟೆ ಮುಂಚಿನ ಸಮಯವನ್ನು ಕೆಳಗಿನವನಿಗೆ ಹೇಳುವುದು ಸೈನ್ಯದ ಪದ್ಧತಿ. ಹಿರಿಯರು ಒಂಬತ್ತೂ ಮುಕ್ಕಾಲು ಎಂದರು. ಅವರಿಂದ ಕೇಳಿದವರು ಒಂಬತ್ತೂವರೆ ಎಂದರು. ಹೀಗೆ ಇಳಿಯುತ್ತ ಇಳಿಯುತ್ತ ಸುದ್ದಿ ಘಟ್ಟದ ಬುಡ ತಲುಪುವಾಗ ಏಳು ಗಂಟೆಯಾಗಿತ್ತು.

ನಾನು ಬಾಗಿಲು ತೆರೆಯಲು ಏಳೂವರೆಗೆ ಹೋದೆ. ಬೀದಿಯಲ್ಲಿ ಮೂವತ್ತು ಮಂದಿ, ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ, ಎರಡು ಸಾಲಾಗಿ, ಒಂದು ಮಾತಿಲ್ಲದೆ ನಿಂತಿದ್ದರು. ಎದುರಿನ ಹೋಟೆಲಿನ ಯಜಮಾನರು ಹೆಗಲಿನ ಟವಲು ತೆಗೆದು, ಕೈಕಟ್ಟಿ ಬಂದು, ಮೆಲ್ಲಗೆ ವಿಚಾರಿಸಿದರು:

“ಯಾರು ಹೋದದ್ದು ಸರ್? ಬಾಡಿ ಎಷ್ಟು ಗಂಟೆಗೆ ಬರ್ತದೆ? ನಾನೂ ಅರ್ಧ ಬಾಗಿಲು ಹಾಕ್ತೇನೆ.”

೨. ಡಿಸ್ಚಾರ್ಜ್ ಪುಸ್ತಕ

ಸೈನ್ಯದಿಂದ ಬಿಡುಗಡೆಯಾದವನಿಗೆ ಒಂದು ಪುಸ್ತಕ ಕೊಡುತ್ತಾರೆ. ಕಳೆದರೆ ಸಕಲವೂ ಹೋಯಿತು. ಬೆಳ್ತಂಗಡಿ ಕಡೆಯ ಮಾಜಿ ಸಿಪಾಯಿಯೊಬ್ಬರು ಅದನ್ನು ಮೂರು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ ತಂದಿದ್ದರು. ಜೆರಾಕ್ಸ್ ಬೇಕೆಂದೆ. ಪಕ್ಕದ ಅಂಗಡಿಗೆ ಹೋದರು. ಪುಸ್ತಕವನ್ನು ಕೈಬಿಡಲಿಲ್ಲ.

“ಅಜ್ಜ, ಬಿಟ್ಟರೆ ತಾನೇ ಕಾಪಿ ಬರುವುದು!” ಎಂದಳು ಅಂಗಡಿಯ ಹುಡುಗಿ.

“ನೀನು ನಿನ್ನ ಕೆಲಸ ಮಾಡು ಮಗಳೇ. ನಾನು ಒಂದು ಮೂಲೆ ಮಾತ್ರ ಹಿಡಿದುಕೊಳ್ತೇನೆ.”

ಪ್ರತಿಗಳು ಬಂದವು. ಎಲ್ಲ ಪುಟಗಳಲ್ಲೂ ಹೆಸರು ಇರಬೇಕಾದಲ್ಲಿ ನಾಲ್ಕು ಬೆರಳುಗಳಿದ್ದವು. ಇದು ನಡೆಯುವುದಿಲ್ಲ ಎಂದು ಮರಳಿ ಕಳುಹಿಸಿದೆ. ಎರಡನೆಯ ಬಾರಿ ಹೆಬ್ಬೆರಳು ಮಾತ್ರ ಬಂತು. ಶೇಕಡಾ ಎಪ್ಪತ್ತೈದು ಸುಧಾರಣೆ ಎಂದು ಪರಿಗಣಿಸಿ ಸ್ವೀಕರಿಸಿದೆ.

೩. ಕಿವಿ

ಬಂಟ್ವಾಳ ಕಡೆಯ ಒಬ್ಬರು ಫಿರಂಗಿಗಳ ಪಕ್ಕದಲ್ಲಿ ಇಪ್ಪತ್ತು ವರ್ಷ ದುಡಿದವರು. ಕಿವಿ ಕೇಳಿಸದು. ಶ್ರವಣಯಂತ್ರಕ್ಕೆ ಅರ್ಜಿ ಹಾಕಲು ಪತ್ನಿಯ ಜೊತೆಗೆ ಬಂದರು. ನಾನು ಮೇಜಿನ ಹಿಂದೆ ಕುಳಿತು, ಪೆನ್ನು ತೆರೆದು, “ಏನು ತೊಂದರೆ?” ಎಂದೆ.

ಅವರು ಥಟ್ಟನೆ ಎದ್ದು ನೆಟ್ಟಗೆ ನಿಂತರು. “ಏನೂ ತೊಂದರೆ ಇಲ್ಲ ಸಾಹೇಬ್!”

ಇದು ಅವರ ತಪ್ಪಲ್ಲ. ದಳದಲ್ಲಿ ಮೇಲಿನವರು ಬಂದು ಆ ಪ್ರಶ್ನೆ ಕೇಳಿದರೆ ಉತ್ತರ ಒಂದೇ. ಬೇರೆ ಉತ್ತರವನ್ನು ಯಾರೂ ಕಲಿಸಿರಲಿಲ್ಲ. ನಾನೂ ಕಲಿಸಿರಲಿಲ್ಲ.

ಪತ್ನಿ ಹಣೆ ಚಚ್ಚಿಕೊಂಡರು.

“ನೋಡಿ ಸರ್! ‘ಊಟಕ್ಕೆ ಬನ್ನಿ’ ಅಂತ ನಾಲ್ಕು ಸಲ ಕೂಗಿದರೂ ಇವರಿಗೆ ಕೇಳುವುದಿಲ್ಲ. ಈ ಒಂದು ಪ್ರಶ್ನೆ ಮಾತ್ರ ಸರಿಯಾಗಿ ಕೇಳ್ತದೆ!”

೪. ತಪಾಸಣೆ

ಮೂರನೆಯ ತಿಂಗಳ ಮೊದಲ ಶನಿವಾರ ಅಧಿಕಾರಿ ಬಂದರು. ತರುಣ, ಮರ್ಯಾದಸ್ಥ. ಹಿಂದಿನ ದಿನವೇ ಎಲ್ಲರಿಗೂ ಸ್ಪಷ್ಟ ಸೂಚನೆ ಕೊಟ್ಟಿದ್ದೆ: ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳತಕ್ಕದ್ದು. ಎಲ್ಲರೂ “ಯೆಸ್ ಸರ್” ಎಂದಿದ್ದರು. ಮುಂದೆ ನಲವತ್ತು ಮಾಜಿ ಸೈನಿಕರು. ಹಿಂದಿನ ಬೆಂಚುಗಳಲ್ಲಿ ಅವರ ಮನೆಯವರು. ಕೊನೆಯಲ್ಲಿ, ಕಾಗದಗಳ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಶಿರ್ತಾಡಿಯ ಅಮ್ಮ.

ಅಧಿಕಾರಿ ನಗುತ್ತ ಕೇಳಿದರು: “ನಿಮಗೆಲ್ಲ ಏನಾದರೂ ತೊಂದರೆ ಉಂಟಾ?”

ನಲವತ್ತು ಮಂದಿ ಒಟ್ಟಿಗೆ ಎದ್ದರು. “ಇಲ್ಲ ಸರ್!”

ಗೋಡೆಯ ಕ್ಯಾಲೆಂಡರ್ ಅಲುಗಾಡಿತು. ಅಧಿಕಾರಿಗೆ ಬಹಳ ಸಂತೋಷವಾಯಿತು. ಕಡತದಲ್ಲಿ ಏನೋ ಬರೆಯತೊಡಗಿ, ನನ್ನತ್ತ ತಿರುಗಿದರು.

“ಯಾರಿಗೂ ತೊಂದರೆ ಇಲ್ಲವಲ್ಲ ಸುಬೇದಾರರೇ. ಹಾಗಾದರೆ ಈ ಕೇಂದ್ರ ಯಾಕೆ? ನಿಮಗೇನಾದರೂ ತೊಂದರೆ?”

ಹೇಳಬೇಕಾದ ಹನ್ನೊಂದು ಅಂಶಗಳ ಪಟ್ಟಿ ನನ್ನ ಜೇಬಿನಲ್ಲಿತ್ತು. ನಾಲಿಗೆ ನನ್ನ ಆಜ್ಞೆಯನ್ನು ಪಾಲಿಸಲಿಲ್ಲ.

“ಇಲ್ಲ ಸರ್,” ಎಂದೆ.

ಆಗ ಹಿಂದಿನಿಂದ ಬೆಂಚು ಸರಿದ ಸದ್ದು. ಶಿರ್ತಾಡಿಯ ಅಮ್ಮ ಮೊಣಕಾಲು ಹಿಡಿದುಕೊಂಡು ಏಳುತ್ತಿದ್ದರು.

“ಮಗಾ, ಬರೆಯುವುದನ್ನು ನಿಲ್ಲಿಸು. ಇವರಲ್ಲಿ ಕೇಳಿ ಪ್ರಯೋಜನ ಇಲ್ಲ. ನನ್ನ ಯಜಮಾನರು ಎದೆ ಹಿಡಿದುಕೊಂಡು ಬಿದ್ದ ದಿನವೂ ಡಾಕ್ಟರರಲ್ಲಿ ‘ತೊಂದರೆ ಇಲ್ಲ’ ಅಂತಲೇ ಹೇಳಿದ್ದು. ಹೇಳಲಿಕ್ಕೆ ಮತ್ತೊಂದು ದಿನ ಸಿಗಲಿಲ್ಲ. ಕೇಳುವುದಾದರೆ ಹಿಂದೆ ಕೂತವರಲ್ಲಿ ಕೇಳು.”

ಅಧಿಕಾರಿ ಬರೆದದ್ದನ್ನು ಹೊಡೆದುಹಾಕಿದರು. ಕುರ್ಚಿಯನ್ನು ಎತ್ತಿಕೊಂಡು ಹಿಂದಿನ ಬೆಂಚುಗಳ ಮುಂದೆ ಹಾಕಿ ಕುಳಿತರು.

ಎರಡು ಗಂಟೆಗಳಲ್ಲಿ ಅವರ ಟಿಪ್ಪಣಿ ಪುಸ್ತಕ ತುಂಬಿತು. ಬಳಿಕ ನನ್ನ ಪುಸ್ತಕ ಕೊಟ್ಟೆ. ಸಕ್ಕರೆ ಕಾಯಿಲೆ, ಬಾರದ ಔಷಧಿ, ನಿಂತ ಪಿಂಚಣಿ, ಬಗ್ಗದ ಬೆನ್ನು. ನಲವತ್ತು ಮಂದಿ ಶೂರರು ಅಪರಾಧಿಗಳಂತೆ ನೆಲ ನೋಡುತ್ತ ಕುಳಿತಿದ್ದರು. ಶಿರ್ತಾಡಿಯ ಅಮ್ಮನ ಕಾಗದಗಳನ್ನು ಅಧಿಕಾರಿ ಅಲ್ಲಿಯೇ ಪರಿಶೀಲಿಸಿ, ಅಲ್ಲಿಯೇ ಸಹಿ ಹಾಕಿದರು. ಕಾರ್ಡು ಮುಂದಿನ ತಿಂಗಳು ಇದೇ ಕೋಣೆಯಲ್ಲಿ ಸಿಗುವುದೆಂದರು. ಎಂದ ಮೇಲೆ ಕೋಣೆ ಇರಲೇಬೇಕಲ್ಲ.

ಎದ್ದು ನಿಂತು ಆದೇಶ ಓದಿದರು: “ಕೇಂದ್ರ ಮುಂದುವರಿಯುತ್ತದೆ. ಒಂದೇ ಷರತ್ತು. ಮಾಜಿ ಸೈನಿಕರು ಕಡ್ಡಾಯವಾಗಿ ಹೆಂಡತಿಯನ್ನು ಕರೆದುಕೊಂಡು ಬರಬೇಕು. ಒಬ್ಬರೇ ಬಂದರೆ ಅರ್ಜಿ ತೆಗೆದುಕೊಳ್ಳುವುದಿಲ್ಲ.”

ಮೂರನೆಯ ಸಾಲಿನಲ್ಲಿ ಮೂಡುಬಿದಿರೆಯ ಒಬ್ಬ ನಿವೃತ್ತ ನಾಯಕ್ ಕೈ ಎತ್ತಿದರು. ವಯಸ್ಸು ಎಪ್ಪತ್ತು, ಬ್ರಹ್ಮಚಾರಿ.

“ಸರ್, ನನಗೆ ಮದುವೆ ಆಗಿಲ್ಲ. ಈ ಸೌಲಭ್ಯಕ್ಕಾಗಿ ಈಗ ಹೆಣ್ಣು ನೋಡಬೇಕಾ?”

ಅಧಿಕಾರಿ ನನ್ನ ಮುಖ ನೋಡಿದರು. ನಿಯಮಾವಳಿಯಲ್ಲಿ ಇದಕ್ಕೆ ಅವಕಾಶವಿರಲಿಲ್ಲ. ಶಿರ್ತಾಡಿಯ ಅಮ್ಮ ಕನ್ನಡಕ ಏರಿಸಿ, ನಾಯಕ್ ಅವರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ಪರಿಶೀಲಿಸಿದರು. ಅಷ್ಟು ಕಟ್ಟುನಿಟ್ಟಿನ ತಪಾಸಣೆಯನ್ನು ನಾನು ನನ್ನ ಸೇವೆಯಲ್ಲಿ ಕಂಡಿಲ್ಲ.

“ಬರೆದುಕೊ ಮಗಾ,” ಎಂದು ಅಧಿಕಾರಿಗೆ ಹೇಳಿದರು. “ಎಡಗಣ್ಣಿನಲ್ಲಿ ಪೊರೆ. ಕೆಳಗೆ ಎರಡೇ ಹಲ್ಲು. ನೀನು ಸ್ವಲ್ಪ ಹತ್ತಿರ ಬಾ ಮಾರಾಯ, ಉಳಿದದ್ದು ನೋಡುವ.”