ಕೋರ್ಟು ಮೆಟ್ಟಿಲು ಹತ್ತದ ಲಾಯರು

ಲಾಯರಾಗಿದ್ದೂ ನಾನು ಇದುವರೆಗೆ ಒಂದು ದಿನವೂ ಕೋರ್ಟಿನಲ್ಲಿ ವಾದ ಮಾಡಿಲ್ಲ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಾಚಿಕೆಯೆಲ್ಲ ನಮ್ಮ ನೆಂಟರಿಗೆ. ತರೀಕೆರೆಯ ನಮ್ಮ ಮನೆಯ ಮಹಡಿಯಲ್ಲಿ ಕೂತು ಮುಂಬೈಯ ಹಣಕಾಸು ಕಂಪನಿಯೊಂದಕ್ಕೆ ಡೆರಿವೇಟಿವ್, ಸ್ಟ್ರಕ್ಚರ್ಡ್ ಪ್ರಾಡಕ್ಟ್, ರೀಸ್ಟ್ರಕ್ಚರಿಂಗ್‌ಗಳ ಕರಾರುಪತ್ರ ಬರೆದುಕೊಡುತ್ತೇನೆ. ಡೆರಿವೇಟಿವ್ ಎಂದರೆ ನಾಳೆಯ ಬೆಲೆಯ ಬಗ್ಗೆ ಇವತ್ತೇ ಮಾಡಿಕೊಳ್ಳುವ ಕರಾರು. ಸ್ಟ್ರಕ್ಚರ್ಡ್ ಪ್ರಾಡಕ್ಟ್ ಎಂದರೆ ಅಂಥವನ್ನೆಲ್ಲ ಕಲಸಿ ಕಟ್ಟಿದ ಉಂಡೆ. ರೀಸ್ಟ್ರಕ್ಚರಿಂಗ್ ಎಂದರೆ ಸಾಲ ತೀರಿಸಲಾಗದೆ ಉಂಡೆ ಒಡೆದಾಗ ಮತ್ತೆ ಕಟ್ಟುವುದು. ಇಷ್ಟು ಬಿಡಿಸಿ ಹೇಳಿದ ಮೇಲೂ ಅಮ್ಮ ಬೀದಿಯವರಿಗೆ ಹೇಳುವುದು, "ಕಂಪ್ಯೂಟರ್‌ನಲ್ಲಿ ಅದೇನೋ ಟೈಪ್ ಮಾಡ್ತಾಳೆ" ಎಂದೇ.

ಹೋದ ವರ್ಷ ಅಜ್ಜಂಪುರದಲ್ಲಿ ದೊಡ್ಡಪ್ಪನ ಅಕ್ಕಿ ಗಿರಣಿಗೆ ಕಷ್ಟ ಬಂತು. ಗಿರಣಿ ನಿಂತು, ಬ್ಯಾಂಕಿನ ಕಂತು ಕಟ್ಟುವುದೂ ನಿಂತಿತ್ತು. ಅವರ ಮಕ್ಕಳು ಮಲ್ಲೇಶಣ್ಣ, ರುದ್ರೇಶಣ್ಣ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿ ಮಾತು ಬಿಟ್ಟಿದ್ದರು. ಗಿರಣಿ ಪಾಲು ಮಾಡಿಸಲು ದೊಡ್ಡಪ್ಪ ಕಡೂರಿನ ವಕೀಲರನ್ನು ಹುಡುಕಿಕೊಂಡು ಹೊರಟಿದ್ದರು. ಫೋನಿನಲ್ಲಿ, "ನಾನಿದ್ದೀನಲ್ಲ ದೊಡ್ಡಪ್ಪ" ಎಂದೆ.

"ನೀನು ಸುಮ್ಕಿರವ್ವ. ಕೋರ್ಟ್ ಮೆಟ್ಲು ಹತ್ತದೋಳು ಕೇಸ್ ಏನ್ ನಡೆಸ್ತೀಯ?"

ನನಗೆ ಉರಿದುಹೋಯಿತು. ಮರುದಿನವೇ ಅಜ್ಜಂಪುರದ ಬಸ್ಸು ಹತ್ತಿ, ಗಿರಣಿಯ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. "ಯಾರೂ ಕಡೂರಿಗೆ ಹೋಗೋ ಹಾಗಿಲ್ಲ. ಕೇಸ್ ಹಾಕಿದ್ರೆ ಗಿರಣಿಗೆ ಬೀಗ ಬೀಳುತ್ತೆ. ಆಮೇಲೆ ಬೀಗದ ಕೈಗೆ ಇನ್ನೊಂದು ಕೇಸ್ ಹಾಕ್ಬೇಕು!"

ಮಲ್ಲೇಶಣ್ಣ ಗೋಡೆಗೆ ಹೇಳುವಂತೆ ಹೇಳಿದ: "ಅವ್ನು ಇನ್ಮೇಲೆ ಮಿಷಿನ್ ಮುಟ್ಟಕೂಡ್ದು ಕಣೇ." ರುದ್ರೇಶಣ್ಣ ಕಂಬಕ್ಕೆ ಹೇಳಿದ: "ಹಂಗಾದ್ರೆ ಅವ್ನು ಗಿರಣಿ ಲಾರಿ ಹತ್ತಕೂಡ್ದು."

ಇಷ್ಟೇ ತಾನೆ? ಅವರ ಬೈಗುಳವನ್ನೇ ಕರಾರಾಗಿ ಬರೆದೆ. ಮಿಷಿನ್ನು ಮಲ್ಲೇಶಣ್ಣನ ಉಸ್ತುವಾರಿಗೆ, ಲಾರಿ ರುದ್ರೇಶಣ್ಣನ ಉಸ್ತುವಾರಿಗೆ, ಬಂದ ಲಾಭ ಇಬ್ಬರಿಗೂ ಸಮ. ಇಬ್ಬರ ಸಹಿ ಹಾಕಿಸಿ, ಅದನ್ನು ಹಿಡಿದು ಬ್ಯಾಂಕಿನ ಮ್ಯಾನೇಜರ ಮುಂದೆ ಕೂತೆ. ಸಾಲದ ಅವಧಿ ಹೆಚ್ಚಿಸಿ ಕಂತು ಇಳಿಸಲು ಅವರು ಒಪ್ಪುವವರೆಗೂ ಏಳಲಿಲ್ಲ. ಗಿರಣಿ ಮತ್ತೆ ಗಡಗಡ ಸದ್ದು ಮಾಡಿದ ದಿನ ಅಣ್ಣತಮ್ಮಂದಿರು ಒಂದೇ ಬೆಂಚಿನ ಮೇಲೆ ಕೂತು ಕಾಫಿ ಕುಡಿದರು.

ದೊಡ್ಡಪ್ಪ ಮಾತ್ರ ಪೇಚಾಡಿಕೊಂಡರು: "ಕೇಸೇ ನಡೀಲಿಲ್ವಲ್ಲೇ. ಇದ್ರಲ್ಲಿ ಲಾಯರ್ ಕೆಲ್ಸ ಏನ್ ಬಂತು?"

ನಾನೂ ಬಿಡಲಿಲ್ಲ. ಅಲ್ಲೇ ಕೂತು ಫೀಸಿನ ಬಿಲ್ಲು ಬರೆದು ಅವರ ಕೈಗಿಟ್ಟೆ. ಕನ್ನಡಕ ಏರಿಸಿ ಓದಿದವರೇ ಗಿರಣಿಗೆಲ್ಲ ಕೇಳುವಂತೆ ಕೂಗಿದರು: "ಲೇ, ನೋಡ್ರೋ ಇಲ್ಲಿ! ಮನೆ ಮಗಳಾಗಿ ಸ್ವಂತ ದೊಡ್ಡಪ್ಪಂಗೇ ಫೀಸ್ ಹಾಕವ್ಳೆ! ಇವ್ಳು ಲಾಯರೇ ಕಣ್ರೋ!"

ಆ ಮಾತಿಗೆ ನಾನು ಎಷ್ಟು ಹಿಗ್ಗಿದೆನೆಂದರೆ, ಬಿಲ್ಲನ್ನು ಕಿತ್ತುಕೊಂಡು ಅಲ್ಲೇ ಹರಿದುಹಾಕಿದೆ. ಅದು ಬುದ್ಧಿವಂತಿಕೆಯಲ್ಲ ಎಂದು ಹೊಳೆದದ್ದು ತರೀಕೆರೆಯ ಬಸ್ಸಿನಲ್ಲಿ.